ಹಳೆಯ ಕಾಯಕ್ಕೆ ಹೊಸ ಪ್ರಾಣ

ಕಾಯವನ್ನು ಉಳಿಸಿಕೊಂಡು ಪ್ರಾಣವನ್ನು ಬದಲಿಸಿದರೆ ಆ ವಸ್ತು ಅದೇ ವಸ್ತುವಾಗಿ ಉಳಿಯುವುದೇ? ಈ ಪ್ರಶ್ನೆ ತತ್ತ್ವಜಿಜ್ಞಾಸುಗಳಿಗೆ ಮಾತ್ರ ಸೇರಿದ್ದಲ್ಲ. ಇಂಗ್ಲೆಂಡಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರನ್ನೂ ಇದು ಕಾಡುತ್ತಿದೆ.

1961ರ ಮಾರ್ಚ್ ತಿಂಗಳಲ್ಲಿ ಜಿನೀವಾದ ಪ್ರದರ್ಶನದಲ್ಲಿ ಜಾಗ್ವಾರ್ ಇ-ಟೈಪ್ ಕಾರು ಲೋಕಕ್ಕೆ ಪರಿಚಯವಾಯಿತು. ನೀಳವಾದ ಮುಂಭಾಗದ ಸೊಬಗು ಅದರ ಬಹಿರಂಗವಾದರೆ, ಆರು ಸಿಲಿಂಡರುಗಳ 3.8 ಲೀಟರ್ ಎಂಜಿನ್ ಅದರ ಅಂತರಂಗ. ಅಂಥ ಕಾರೊಂದು ತಂದೆಯಿಂದ ಮಗನಿಗೆ ಬಂದಿದೆಯೆಂದು ಭಾವಿಸೋಣ. ಎಂಜಿನ್ ಸವೆದಿದೆ, ವಾಹನಗಳ ದಟ್ಟಣೆಯಲ್ಲಿ ನಿಂತರೆ ಬೇಗ ಬಿಸಿಯೇರುತ್ತದೆ. 2021ರಿಂದ ಅಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥನಾಲ್ ಬೆರೆಯುತ್ತಿದ್ದು, ಅದು ಹಳೆಯ ರಬ್ಬರ್ ಕೊಳವೆಗಳನ್ನು ಕೆಡಿಸಬಲ್ಲದು. ಹೊಸ ಎಂಜಿನ್ ಕೂರಿಸಿದರೆ ಈ ತಾಪತ್ರಯಗಳು ತಪ್ಪುತ್ತವೆ. ಆದರೆ ತಂದೆಯ ಕಾರು ಮನೆಗೆ ಬರುತ್ತಿದ್ದಾಗ ಬಾಲ್ಯದಲ್ಲಿ ದೂರದಿಂದಲೇ ಕೇಳಿಸುತ್ತಿದ್ದ ಆ ನಾದ ಮತ್ತೆ ಕೇಳಿಸದು. ಮಗನ ಮನಸ್ಸು ಡೋಲಾಯಮಾನವಾಗುವುದು ಸಹಜ.

ಸ್ವತಃ ಜಾಗ್ವಾರ್ ಸಂಸ್ಥೆಯೇ 2017ರಲ್ಲಿ ಇ-ಟೈಪ್ ಕಾರೊಂದಕ್ಕೆ ವಿದ್ಯುತ್ ಮೋಟಾರನ್ನು ಅಳವಡಿಸಿ ತೋರಿಸಿತು. 2018ರ ಮೇ ತಿಂಗಳಲ್ಲಿ ರಾಜಕುಮಾರ ಹ್ಯಾರಿ ತಮ್ಮ ವಿವಾಹದ ದಿನ ವಧುವಿನೊಡನೆ ಸಾಗಿದ್ದು ಅಂಥ ಕಾರಿನಲ್ಲಿಯೇ. ಹಳೆಯ ಎಂಜಿನ್ ಇದ್ದ ಸ್ಥಳದಲ್ಲಿ ಅದರದೇ ಅಳತೆ, ತೂಕಗಳಿಗೆ ಹೊಂದುವ ಬ್ಯಾಟರಿಯನ್ನು ಕೂರಿಸಿದ್ದರಿಂದ, ಬೇಕೆಂದಾಗ ಮೊದಲಿನ ಎಂಜಿನ್ನನ್ನೇ ಮರಳಿ ಸೇರಿಸಲು ಅವಕಾಶವಿತ್ತು. ಆದರೂ ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ, ಇಂಥ ಪರಿವರ್ತನೆಯನ್ನು ಪ್ರೋತ್ಸಾಹಿಸಲಾಗದೆಂದು 2019ರಲ್ಲಿ ತಿಳಿಸಿತು. ಮಾಡುವುದೇ ಆದರೆ ತೆಗೆದ ಭಾಗಗಳನ್ನೆಲ್ಲ ಗುರುತು ಹಾಕಿ ಕಾಪಿಡಬೇಕು, ಮುಂದೆ ಮೊದಲಿನ ಸ್ಥಿತಿಗೆ ತರಲು ಸಾಧ್ಯವಾಗಬೇಕು ಎಂಬುದು ಅದರ ಸಲಹೆ.

ಇಲ್ಲಿ ವಿವೇಕದಿಂದ ವಿಚಾರಿಸಬೇಕಾದ ಮಾತೊಂದಿದೆ. ಬದಲಾವಣೆ ಯಾತಕ್ಕಾಗಿ? ಕಾರು ಓಡಬೇಕೆಂಬುದಷ್ಟೇ ಆಸೆಯಾದರೆ ಹಳೆಯ ಎಂಜಿನ್ನನ್ನೇ ಬಿಚ್ಚಿ ಪಿಸ್ಟನ್, ಬೇರಿಂಗುಗಳನ್ನು ಹೊಸದಾಗಿಸಬಹುದು. ಎಥನಾಲಿಗೆ ಜಗ್ಗದ ಕೊಳವೆಗಳನ್ನು ಹಾಕಿಸಬಹುದು. ಇನ್ನೂ ಹೆಚ್ಚಿನ ವೇಗ ಬೇಕೆಂಬ ಆಸೆಯಾದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಬಲ ಹೆಚ್ಚಿದಂತೆ ಬ್ರೇಕ್, ಗೇರ್‌ಬಾಕ್ಸ್, ಆಕ್ಸಲ್‌ಗಳೂ ಬದಲಾಗಬೇಕಾಗುತ್ತದೆ. ಅವುಗಳಿಗೆ ಸ್ಥಳ ಮಾಡಲು ಒಡಲನ್ನೇ ಕತ್ತರಿಸಬೇಕಾಗಬಹುದು. ಬಿಚ್ಚಿದ್ದನ್ನು ಮತ್ತೆ ಜೋಡಿಸಬಹುದು, ಕತ್ತರಿಸಿದ್ದು ಮೊದಲಿನಂತಾಗದು.

ಆದ್ದರಿಂದ ಮಗನು ಮೊದಲು ದುರಸ್ತಿಯ ದಾರಿಯನ್ನೇ ಹಿಡಿಯುವುದು ಲೇಸು. ಅದು ಕೈಗೂಡದಿದ್ದರೆ ಹೊಸ ಎಂಜಿನ್ ಬರಲಿ, ಒಡಲಿಗೆ ಗರಗಸ ತಾಗದಿರಲಿ. ತೆಗೆದಿಟ್ಟ ಎಂಜಿನ್ನಿಗೆ ಎಣ್ಣೆ ಸವರಿ, ಅದರ ಮೇಲೆ ಕೆತ್ತಿದ ಸಂಖ್ಯೆ ಅಳಿಯದಂತೆ ಮನೆಯಲ್ಲಿಯೇ ಕಾದಿಡಲಿ. ಆ ಕಾರಿಗೆ ಅವನು ಮೊದಲ ಒಡೆಯನೂ ಅಲ್ಲ, ಕೊನೆಯ ಒಡೆಯನೂ ಅಲ್ಲ. ಮುಂದೆ ಬರುವವರಿಗೂ ಈ ಪ್ರಶ್ನೆಯನ್ನು ತಾವೇ ನಿರ್ಧರಿಸುವ ಅವಕಾಶ ಉಳಿದಿರಬೇಕು.