ವೆಳ್ಳಂ ಅಂದ್ರೆ ಬೊಳ್ಳ ಅಲ್ಲ

ಈ ಸಲ ಆಟಿ, ಸೋಣದಲ್ಲಿ ನಮ್ಮ ನೀರುಮಾರ್ಗದ ತೋಟದ 140 ಕರಿಮೆಣಸು ಬಳ್ಳಿಯಲ್ಲಿ 60 ಹೋಯ್ತು. ಸೊರಗು ರೋಗ ನಿಮಗೇನು ಹೊಸತಲ್ಲ, ಇವತ್ತು ಎಲೆ ಬಾಡಿದ್ರೆ ಸ್ವಲ್ಪ ದಿನದಲ್ಲಿ ಗಂಟು ಗಂಟೇ ಕಳಚಿ ಬೀಳ್ತದೆ. ಮನೆಯವಳು "ಇನ್ನು ಮೆಣಸಿನ ಸಹವಾಸ ಬೇಡ" ಅಂದಾಗಿತ್ತು. ನನಗೆ ಬಿಡ್ಲಿಕ್ಕೆ ಮನಸ್ಸಿಲ್ಲ.

ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮೇಲೆ ಅಳಿಯನ ಓಮ್ನಿಯಲ್ಲಿ ತಳಿಪರಂಬದ ಹತ್ತಿರದ ಪಣಿಯೂರಿಗೆ ಹೊರಟೆವು. 1952ರಲ್ಲಿ ಶುರುವಾದ ಮೆಣಸಿನ ಸಂಶೋಧನಾ ಕೇಂದ್ರ ಇರುವ ಊರು. ಉದಿರಂಕೊಟ್ಟ ಮತ್ತು ಚೆರಿಯಕಣಿಯಕ್ಕಾಡನ್ ತಳಿ ಸೇರಿಸಿ ಪಣಿಯೂರು-1 ಮಾಡಿದ್ದು ಅಲ್ಲೇ. ಒಳ್ಳೆ ಬೆಳಕು ಬೇಕಾದ ತಳಿ ಅದು. ನಾನು ಅದನ್ನು ಅಡಿಕೆಯ ದಟ್ಟ ನೆರಳಿಗೆ ನೆಟ್ಟವ, ಅದು ಬೇರೆ ಕಥೆ.

ತಲಪಾಡಿ ದಾಟಿದ್ರೆ ಕೇರಳ ಹೌದು. ಆದ್ರೆ ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಿ ತುಳು ಮಾತಾಡಿದ್ರೆ ತುಳುವಿನಲ್ಲೇ ಉತ್ತರ ಬರ್ತದೆ. ಚಂದ್ರಗಿರಿ ಹೊಳೆ ದಾಟಿ ಹೊಸದುರ್ಗ, ನೀಲೇಶ್ವರ ಬಂತು ನೋಡಿ, ನಮ್ಮ ಆಟ ಮುಗೀತು. ಬೋರ್ಡು ಓದ್ಲಿಕ್ಕೆ ಬರುವುದಿಲ್ಲ. ಕೆಂಪು ಕಲ್ಲಿನ ಗೋಡೆ, ತೆಂಗು, ಗದ್ದೆ ಎಲ್ಲ ನಮ್ಮದೇ ಹಾಗೆ, ಬಾಯಿ ಮಾತ್ರ ಬೇರೆ. ಬ್ಯಾರಿ ಸ್ನೇಹಿತರ ಮಾತು ಕಿವಿಗೆ ಬಿದ್ದ ಧೈರ್ಯ ಇತ್ತು, ಅದು ಪಯ್ಯನ್ನೂರಿನ ಚಹಾ ಅಂಗಡಿವರೆಗೆ ಸಾಕಾಯ್ತು.

ಪಣಿಯೂರಿಗೆ ಮುಟ್ಟಿದ್ರೆ ರಜೆ. ಅವತ್ತು ಎರಡನೇ ಶನಿವಾರ ಮಾರಾಯ್ರೆ! ನನ್ನದೇ ತಪ್ಪು, ಕ್ಯಾಲೆಂಡರ್ ನೋಡ್ಲಿಲ್ಲ. ಅಳಿಯ ಏನೂ ಹೇಳ್ಲಿಲ್ಲ, ಮುಖ ಮಾತ್ರ ನೋಡಿದ.

ವಾಪಸು ಬರುವಾಗ ದಾರಿ ಬದಿಯ ತೋಟದಲ್ಲಿ ಮೆಣಸು ಕಂಡು ಗಾಡಿ ನಿಲ್ಲಿಸಿದೆ. ಬುಡದಿಂದ ತುದಿವರೆಗೆ ಹಸಿರು. ಒಬ್ಬರು ಅಜ್ಜ ಬಂದ್ರು. ನಾನು "ಕಂಗ್" ಅಂದೆ, ಅವರು "ಕವುಂಗ್" ಅಂದ್ರು. ಬೇರು, ಬಳ್ಳಿ, ಎಲೆ ಎಲ್ಲ ಹೆಚ್ಚುಕಡಿಮೆ ಒಂದೇ. ಸತ್ತ ಬಳ್ಳಿಯ ಫೋಟೋ ಮೊಬೈಲಿನಲ್ಲಿ ತೋರಿಸಿದೆ. ಅಜ್ಜ ನೋಡಿ "ವೆಳ್ಳಂ ಕೆಟ್ಟಿ ನಿನ್ನೋ?" ಅಂತ ಕೇಳಿದ್ರು. ನನಗೆ ಕೇಳಿದ್ದು ತುಳುವಿನ ಬೊಳ್ಳ, ಅಂದ್ರೆ ನೆರೆ. "ನೆರೆ ಇಲ್ಲ ಅಜ್ಜ, ನಮ್ಮದು ಗುಡ್ಡೆ ಬದಿ" ಅಂತ ಕೈ ಮೇಲೆ ಮಾಡಿ ತೋರಿಸಿದೆ. ಅವರು ತಲೆ ಆಡಿಸಿ ಫೋಟೋದಲ್ಲಿ ಒಂದು ಕಡೆ ಬೆರಳಿಟ್ರು. ಅಡಿಕೆ ಬುಡಕ್ಕೆ ಬೇಸಗೆಯಲ್ಲಿ ನೀರು ನಿಲ್ಲಲಿ ಅಂತ ನಾನೇ ಮಾಡಿದ ಕಟ್ಟೆ. ಅದರೊಳಗೆ ಮಳೆನೀರು, ನೀರಿನಲ್ಲಿ ಮೆಣಸಿನ ಬುಡ. ಆ ಫೋಟೋ ತೆಗೆದವ ನಾನೇ. ಎಷ್ಟು ಸಲ ನೋಡಿದ್ದೇನೆ, ಆ ನೀರು ಕಣ್ಣಿಗೇ ಬಿದ್ದಿರಲಿಲ್ಲ.

ಮದ್ದಿನ ಮಾತು ಬಂದಾಗ ಇಬ್ಬರಿಗೂ ಸರಿಯಾಗಿ ಗೊತ್ತಿದ್ದ ಶಬ್ದ ಒಂದೇ: ಬೋರ್ಡೋ. ಅದು ಫ್ರಾನ್ಸಿನ ಒಂದು ಊರಿನ ಹೆಸರು, 1880ರ ದಶಕದಲ್ಲಿ ಅಲ್ಲಿಯ ದ್ರಾಕ್ಷಿ ತೋಟಕ್ಕೆ ಕಂಡುಹಿಡಿದ ಮದ್ದು. 100 ಲೀಟರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಅಂತ ಬೆರಳಿನಲ್ಲೇ ಲೆಕ್ಕ ಆಯ್ತು. ಅಜ್ಜ ಒಳಗಿಂದ ಕತ್ತಿ ತಂದು ಬಾಲ್ದಿಯಲ್ಲಿ ಅದ್ದಿದ ಹಾಗೆ ಮಾಡಿ, ಅಲಗು ಕೆಂಪಾದ್ರೆ ಸುಣ್ಣ ಸಾಲದು ಅಂತ ಕೈಸನ್ನೆ ಮಾಡಿದ್ರು. ನಾನು ಈ ಪರೀಕ್ಷೆ ಬಿಟ್ಟು ವರ್ಷಗಳೇ ಆಗಿದೆ. ಹಳೆ ಸುಣ್ಣ ಅಂದಾಜಿಗೆ ಸುರಿಯುವುದು.

ಹೊರಡುವಾಗ ನಡ್ಲಿಕ್ಕೆ ಬಳ್ಳಿ ಕೇಳಿದೆ. ಕೊಡ್ಲಿಲ್ಲ. "ಕುಂಭಂ, ಕುಂಭಂ" ಅಂದ್ರು. ತಿಂಗಳು ನಮಗೂ ಅವರಿಗೂ ಒಂದೇ ಅಲ್ವಾ, ಅರ್ಥ ಆಯ್ತು.

ಬಂದ ಮರುದಿನದಿಂದ ಕಟ್ಟೆ ಒಡೆದು ಕಣಿ ತೆಗೆಯುತ್ತಾ ಇದ್ದೇನೆ. ಸತ್ತ ಬಳ್ಳಿ ಕಿತ್ತು ಸುಟ್ಟಾಯ್ತು. ಮನೆಯವಳು ಇನ್ನೂ ಒಪ್ಪಿಲ್ಲ, 60 ಅಲ್ಲ, 20 ನೆಟ್ಟು ನೋಡಿ ಅಂದಿದ್ದಾಳೆ. ಕುಂಭದಲ್ಲಿ ಪುನಃ ಹೋಗ್ಲಿಕ್ಕುಂಟು, ಶನಿವಾರ ಅಲ್ಲ. ಓಮ್ನಿಯಲ್ಲಿ ಮೂರು ಜನಕ್ಕೆ ಜಾಗ ಉಂಟು, ಮಲಯಾಳ ಬರುವವರು ಇದ್ದರೆ ಮೊದಲೇ ಹೇಳಿ.