ಹಾವಿಗೆ ಬಂದ ಚರ್ಮರೋಗ

ಚರ್ಮರೋಗವೆಂದರೆ ನಮ್ಮ ದಕ್ಷಿಣ ಕನ್ನಡದ ಹಿರಿಯರಿಗೆ ಮೊದಲು ನೆನಪಾಗುವವನು ವೈದ್ಯನಲ್ಲ, ನಾಗ. ಮೈಮೇಲೆ ಕಜ್ಜಿ ಎದ್ದರೂ, ತೊನ್ನು ತೋರಿದರೂ, ಎಂದೋ ಯಾರೋ ಹುತ್ತವನ್ನು ಅಗೆದಿರಬೇಕೆಂದು ಊಹಿಸಿ ಸುಬ್ರಹ್ಮಣ್ಯಕ್ಕೆ ಹರಕೆ ಹೊರುವುದು ಬಹುಕಾಲದಿಂದ ನಡೆದುಬಂದ ರೂಢಿ. ಆದರೆ ನಾಗನ ಕುಲಕ್ಕೆ ಸೇರಿದ ಪ್ರಾಣಿಗೇ ಚರ್ಮರೋಗ ಬಂದರೆ ಹರಕೆಯನ್ನು ಯಾರಿಗೆ ಹೊರಬೇಕು? ವಿನೋದಕ್ಕಾಗಿ ಕೇಳಿದ ಪ್ರಶ್ನೆ ಇದಲ್ಲ. ನಮ್ಮ ಮನೆಯಲ್ಲಿ ನಿಜವಾಗಿಯೇ ಎದ್ದ ಪ್ರಶ್ನೆ; ಎತ್ತಿದವರು ನನ್ನ ತಾಯಿಯವರು.

ನಾವು ನೆಲಸಿರುವುದು ಇಂಗ್ಲೆಂಡಿನಲ್ಲಿ. ಈ ದೇಶದಲ್ಲಿ ನಾಯಿ ಬೆಕ್ಕುಗಳಂತೆ ಹಾವನ್ನೂ ಸಾಕುವವರುಂಟು. ಭಾರತದಲ್ಲಿ ಹಾಗಲ್ಲ; ನಾಗರ, ಹೆಬ್ಬಾವು ಮೊದಲಾದ ನಮ್ಮ ಹಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ನಮ್ಮ ಮನೆಗೆ ಬಂದದ್ದು ಪಶ್ಚಿಮ ಆಫ್ರಿಕದ ಮೂಲದ ಒಂದು ಸಣ್ಣ ಜಾತಿಯ ಹೆಬ್ಬಾವು. ವಿಷವಿಲ್ಲ; ಉದ್ದ ಸಾಮಾನ್ಯವಾಗಿ ಐದು ಅಡಿಗೆ ಮೀರದು. ಹೆದರಿದಾಗ ತಲೆಯನ್ನು ಒಳಗೆ ಹುದುಗಿಸಿ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅಮೆರಿಕದವರು ಇದನ್ನು ಬಾಲ್ ಪೈಥಾನ್ ಎನ್ನುತ್ತಾರೆ. ಇಲ್ಲಿಯವರು ರಾಯಲ್ ಪೈಥಾನ್ ಎಂದು ರಾಜಪದವಿಯನ್ನೇ ಕೊಟ್ಟಿದ್ದಾರೆ.

ನಮ್ಮಲ್ಲಿಗೆ ಬಂದಾಗ ಈ ರಾಜನ ಸ್ಥಿತಿ ದೀನವಾಗಿತ್ತು. ಹದಿನೈದು ವರುಷದ ನನ್ನ ಮಗಳ ಸಹಪಾಠಿಯೊಬ್ಬಳ ಮನೆಯವರು ಊರು ಬಿಡುವವರಿದ್ದರು. ಆ ಮನೆಯ ಹುಡುಗನೊಬ್ಬನು ಆಸೆಯಿಂದ ಕೊಂಡ ಹಾವು. ಆಸೆ ತೀರಿದ ಮೇಲೆ ಪೆಟ್ಟಿಗೆಯನ್ನು ತೊಳೆಯುವವರಿರಲಿಲ್ಲ. ಯಾರೂ ಬೇಡವೆಂದ ಆ ಪ್ರಾಣಿಯನ್ನು ಮಗಳು ಬೇಡಿ ತಂದಳು. ಆಗ ನನ್ನ ತಾಯಿಯವರು ಊರಿನಿಂದ ಬಂದು ನಮ್ಮೊಡನಿದ್ದರು. ಅವರು ದೂರದಿಂದಲೇ ಕೈಮುಗಿದು ಅದಕ್ಕೆ ಶೇಷಪ್ಪನೆಂದು ಹೆಸರಿಟ್ಟರು.

ಬಂದ ದಿನವೇ ಮಗಳು ಅದನ್ನೆತ್ತಿ ಹೊಟ್ಟೆಯ ಭಾಗವನ್ನು ತೋರಿಸಿದಳು. ಬೆಳ್ಳಗೆ ಹೊಳೆಯಬೇಕಾದ ಅಗಲವಾದ ಹುರುಪೆಗಳು ಅಲ್ಲಲ್ಲಿ ಕೆಂಗಂದು ಬಣ್ಣಕ್ಕೆ ತಿರುಗಿದ್ದವು. ಕೆಲವೆಡೆ ನೀರು ತುಂಬಿದ ಸಣ್ಣ ಬೊಕ್ಕೆಗಳು. ಕೆಲವೆಡೆ ಹುರುಪೆಯ ಅಂಚು ಮೇಲಕ್ಕೆದ್ದು ಅಡಿಯಲ್ಲಿ ಹಸಿ ಹುಣ್ಣು ಕಾಣುತ್ತಿತ್ತು. ಕೊಳೆತ ವಾಸನೆಯೂ ಇತ್ತು. ತಾಯಿಯವರು ಬಾಗಿಲಲ್ಲಿಯೇ ನಿಂತು ನೋಡಿ, "ನಾಗನಿಗೇ ಹೀಗಾದರೆ ಹರಕೆ ಯಾರಿಗೆ ಹೊರುವುದು ಮಗಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಎಲ್ಲ ಪಶುವೈದ್ಯರೂ ಹಾವನ್ನು ನೋಡುವವರಲ್ಲ. ಸರೀಸೃಪಗಳ ಚಿಕಿತ್ಸೆಯನ್ನು ಬಲ್ಲ ಒಬ್ಬ ವೈದ್ಯೆಯನ್ನು ಹುಡುಕಿ ಕೊಂಡೊಯ್ದೆವು. ಆಕೆ ಹುಣ್ಣಿನಿಂದ ಹತ್ತಿಯಲ್ಲಿ ಒರೆಸಿ ಪರೀಕ್ಷೆಗೆ ತೆಗೆದುಕೊಂಡು, ರೋಗದ ಮೂಲವನ್ನು ನಮಗೆ ತಿಳಿಯುವಂತೆ ಹೇಳಿದಳು. ಹಾವು ಹಗಲಿರುಳೂ ಹೊಟ್ಟೆಯ ಮೇಲೆಯೇ ಮಲಗುವ ಪ್ರಾಣಿ. ನೆಲ ಒದ್ದೆಯಾಗಿ, ಮಲಮೂತ್ರಗಳಿಂದ ಹೊಲಸಾಗಿದ್ದರೆ ಹುರುಪೆಗಳು ಮೆತ್ತಗಾಗುತ್ತವೆ. ಅಲ್ಲಿ ಸೂಕ್ಷ್ಮಾಣುಗಳು ಮನೆಮಾಡುತ್ತವೆ. ಅದರ ಮೇಲೆ ಪೆಟ್ಟಿಗೆ ತಣ್ಣಗಿದ್ದರಂತೂ ಹೇಳಬೇಕಾದ್ದೇ ಇಲ್ಲ. ನಮ್ಮ ಮೈ ತನ್ನ ಕಾವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಹಾವು ಹೊರಗಿನ ಕಾವನ್ನು ನಂಬಿ ಬದುಕತಕ್ಕದ್ದು. ಕಾವು ತಗ್ಗಿದರೆ ರೋಗವನ್ನೆದುರಿಸುವ ಅದರ ಶಕ್ತಿಯೂ ತಗ್ಗುತ್ತದೆ. ಹುಣ್ಣಿನ ವಿಷವು ರಕ್ತಕ್ಕೆ ಸೇರಿದರೆ ಪ್ರಾಣಿ ಉಳಿಯುವುದು ಕಷ್ಟವೆಂದೂ ಆಕೆ ಮುಚ್ಚುಮರೆಯಿಲ್ಲದೆ ಹೇಳಿದಳು.

ಚಿಕಿತ್ಸೆಯ ವೆಚ್ಚವನ್ನು ಕೇಳಿದಾಗ ಮನೆಯಲ್ಲಿ ಚರ್ಚೆ ಹುಟ್ಟಿತು. ಆ ಹಣದಲ್ಲಿ ಇಂತಹ ಎರಡು ಹೊಸ ಹಾವುಗಳು ಬರುತ್ತಿದ್ದವು. ನೆರೆಯವರೊಬ್ಬರು ಅದೇ ಸಲಹೆಯನ್ನು ಕೊಟ್ಟರು. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಮಗಳು ಬಾಯಿಬಿಡದೆ ನನ್ನ ಮುಖವನ್ನು ನೋಡುತ್ತಿದ್ದಳು. ಮಾತನಾಡಿದವರು ಅಜ್ಜಿ: "ಮನೆಗೆ ಬಂದವನಿಗೆ ರೋಗವಿದೆಯೆಂದು ಬೇರೊಬ್ಬನನ್ನು ತರುವುದುಂಟೇ?" ಅಲ್ಲಿಗೆ ಚರ್ಚೆ ಮುಗಿಯಿತು.

ಔಷಧಕ್ಕಿಂತ ಮೊದಲು ವಾಸಸ್ಥಾನವನ್ನು ಸರಿಪಡಿಸಬೇಕಾಗಿತ್ತು. ಒದ್ದೆಯಾದ ಮರದ ಚೂರುಗಳನ್ನೆಲ್ಲ ಎಸೆದು, ಪೆಟ್ಟಿಗೆಯನ್ನು ತೊಳೆದು ಒಣಗಿಸಿ, ಬರಿಯ ಕಾಗದವನ್ನು ಹಾಸಿದೆವು. ಕಾಗದವನ್ನು ದಿನಕ್ಕೊಮ್ಮೆ, ಹೊಲಸಾದರೆ ಆ ಕ್ಷಣವೇ, ಬದಲಾಯಿಸುವುದು ಮಗಳ ಪಾಲಿನ ಕೆಲಸ. ಪೆಟ್ಟಿಗೆಯ ಒಂದು ತುದಿಯಲ್ಲಿ 32 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾವು, ಇನ್ನೊಂದು ತುದಿಯಲ್ಲಿ 26ರಷ್ಟು. ತನಗೆ ಬೇಕಾದೆಡೆಗೆ ಹಾವೇ ಸರಿದುಕೊಳ್ಳುತ್ತದೆ. ಕಾವು ಮಿತಿಮೀರಿ ಸುಡದಂತೆ ಥರ್ಮೋಸ್ಟಾಟನ್ನು ಜೋಡಿಸಿದೆವು. ಇಲ್ಲಿ ಒಂದು ಸೂಕ್ಷ್ಮವುಂಟು. ಈ ಜಾತಿಯ ಹಾವಿಗೆ ಗಾಳಿಯಲ್ಲಿ ತೇವ ಬೇಕು. ಇಲ್ಲದಿದ್ದರೆ ಪೊರೆ ಸರಿಯಾಗಿ ಕಳಚದು. ಆದರೆ ಗಾಳಿಯ ತೇವ ಬೇರೆ, ನೆಲದ ಒದ್ದೆ ಬೇರೆ. ಅಗಲವಾದ ಬಟ್ಟಲಿನಲ್ಲಿ ನೀರಿಟ್ಟರೆ ಗಾಳಿಗೆ ತೇವ ಸೇರುತ್ತದೆ, ನೆಲ ಒಣಗಿಯೇ ಇರುತ್ತದೆ.

ದಿನಕ್ಕೊಮ್ಮೆ ಸ್ನಾನ. ಉಗುರುಬೆಚ್ಚಗಿನ ನೀರಿಗೆ ಪೊವಿಡೋನ್ ಅಯೋಡಿನ್ನನ್ನು ತಿಳಿ ಚಹದ ಬಣ್ಣ ಬರುವಷ್ಟು ಬೆರಸಿ, ಹೊಟ್ಟೆ ಮುಳುಗುವಷ್ಟು ಮಾತ್ರ ನೀರಿನಲ್ಲಿ ಕಾಲು ಗಂಟೆ ಇರಿಸುವುದು. ತಲೆ ಮುಳುಗದಂತೆ ಒಬ್ಬರು ಪಕ್ಕದಲ್ಲಿಯೇ ಕುಳಿತಿರುವುದು. ಆಮೇಲೆ ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸುವುದು. ಇದರ ಜೊತೆಗೆ ವೈದ್ಯೆಯು ಕೊಟ್ಟ ಸೆಫ್ಟಾಜಿಡೈಮ್ ಎಂಬ ಔಷಧದ ಚುಚ್ಚುಮದ್ದು, 72 ಗಂಟೆಗೊಮ್ಮೆ. ಹಾವಿನ ದೇಹದಲ್ಲಿ ಔಷಧವು ನಿಧಾನವಾಗಿ ಕರಗುವುದರಿಂದ ಇಷ್ಟು ಅಂತರ ಸಾಕು. ಹಿಂಭಾಗದ ರಕ್ತವು ಮೂತ್ರಪಿಂಡಗಳ ಮಾರ್ಗವಾಗಿ ಹೋಗುವ ಸಂಭವವಿರುವುದರಿಂದ ಸೂಜಿಯನ್ನು ಮೈಯ ಮುಂಭಾಗದಲ್ಲಿಯೇ ಚುಚ್ಚಬೇಕೆಂದು ಆಕೆ ಕಲಿಸಿಕೊಟ್ಟಳು. ಮಗಳು ಹಿಡಿದುಕೊಳ್ಳುವಳು, ನಾನು ಚುಚ್ಚುವೆನು. ಹೀಗೆ ಏಳು ಸಲ. ಪ್ರತಿ ಸಲವೂ ಬಟ್ಟಲು, ಬಟ್ಟೆ, ಕೈಗಳನ್ನು ಸಾಬೂನಿನಿಂದ ತೊಳೆಯುವುದು ಕಡ್ಡಾಯ. ಆರೋಗ್ಯವಾಗಿರುವ ಹಾವಿನಲ್ಲಿಯೂ ಮನುಷ್ಯರ ಹೊಟ್ಟೆಯನ್ನು ಕೆಡಿಸುವ ಸಾಲ್ಮೊನೆಲ್ಲ ಎಂಬ ಸೂಕ್ಷ್ಮಾಣು ಇರಬಹುದು. ಆದಕಾರಣ ಅದರ ಸಾಮಾನು ಅಡುಗೆಮನೆಗೆ ಬರಕೂಡದು. ಸಸ್ಯಾಹಾರಿಗಳ ಮನೆಯಲ್ಲಿ ಹಾವಿಗೆ ಬೇಕಾದ, ಮಂಜುಗಡ್ಡೆಯಂತೆ ಹೆಪ್ಪುಗಟ್ಟಿಸಿದ ಇಲಿಗಳಿಗಾಗಿ ನನ್ನ ಪತ್ನಿಯು ಬೇರೊಂದು ಶೀತಪೆಟ್ಟಿಗೆಯನ್ನೇ ತರಿಸಿದ್ದಳೆಂಬುದನ್ನು ವಾಚಕರು ಊಹಿಸಿಕೊಂಡಿರಬಹುದು.

ಎರಡನೆಯ ವಾರ ಶೇಷಪ್ಪನು ಇಲಿಯನ್ನು ಮುಟ್ಟಲಿಲ್ಲ. ಚೆಂಡಿನಂತೆ ಸುತ್ತಿಕೊಂಡು ಮೂಲೆಯಲ್ಲಿ ಬಿದ್ದಿದ್ದನು. ನಾಯಿಯಾದರೆ ನರಳುತ್ತದೆ, ಬೆಕ್ಕಾದರೆ ಕೂಗುತ್ತದೆ. ಹಾವಿಗೆ ನೋವನ್ನು ಹೇಳಿಕೊಳ್ಳುವ ದನಿಯಿಲ್ಲ. ಸಾಯುತ್ತಿದೆಯೋ ಗುಣವಾಗುತ್ತಿದೆಯೋ ತಿಳಿಯುವ ಬಗೆಯೇ ಇಲ್ಲ. ರಾತ್ರಿ ಎರಡು ಗಂಟೆಗೆ ಮಗಳು ಎದ್ದು ಹೋಗಿ ದೀಪ ಹಚ್ಚಿ ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಮೂರನೆಯ ವಾರದಲ್ಲಿ ಕಣ್ಣುಗಳು ಹಾಲುಬೆರೆತ ನೀಲಿಬಣ್ಣಕ್ಕೆ ತಿರುಗಿದವು. ಅಜ್ಜಿ ಗಾಬರಿಗೊಂಡರು, ಅದು ಪೊರೆ ಬಿಡುವ ಮುನ್ಸೂಚನೆಯೆಂದು ಮೊಮ್ಮಗಳು ಸಮಾಧಾನ ಹೇಳಿದಳು. ಕೆಲವು ದಿನಗಳ ತರುವಾಯ ಪೊರೆ ಕಳಚಿತು. ಹುಣ್ಣಿದ್ದೆಡೆಗಳಲ್ಲಿ ಹರಿದು ತುಂಡುತುಂಡಾಗಿತ್ತು. ಆದರೆ ಅದರಡಿಯಲ್ಲಿ ಹೊಸ ಹುರುಪೆಗಳು ಒಣಗಿ ಗಟ್ಟಿಯಾಗಿದ್ದವು. ಎರಡನೆಯ ಪೊರೆ ಬಿಡುವ ವೇಳೆಗೆ ಕೆಂಪು ಮಾಯವಾಗಿತ್ತು. ಮೂರನೆಯದು ಕಣ್ಣಿನ ಮೇಲಿನ ತೆಳುಪರದೆಗಳ ಸಮೇತ ಒಂದೇ ತುಂಡಾಗಿ ಬಂದಿತು. ನಾಲ್ಕಾರು ಹುರುಪೆಗಳು ಮಾತ್ರ ಸೊಟ್ಟಗೆ ಉಳಿದುಕೊಂಡವು. ಆ ಕಲೆ ಮುಂದೆಯೂ ಹೋಗದೆಂದು ವೈದ್ಯೆಯು ಹೇಳಿದ್ದಾಳೆ.

ಹಾವನ್ನು ಸಾಕಿರೆಂದು ಹೇಳುವುದಕ್ಕಾಗಿ ಇದನ್ನು ಬರೆಯಲಿಲ್ಲ. ನಾಗರಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವವರು ನಾವು. ಹಾಲು ಹಾವಿನ ಆಹಾರವಲ್ಲವೆಂಬುದು ಬಲ್ಲವರೆಲ್ಲರಿಗೂ ತಿಳಿದ ವಿಷಯ. ಭಕ್ತಿಯಿಂದ ನಾವು ಕೊಡುವುದೆಲ್ಲ ಆ ಪ್ರಾಣಿಗೆ ಬೇಕಾದದ್ದೇ ಆಗಿರಬೇಕೆಂದಿಲ್ಲ. ಶೇಷಪ್ಪನಿಗೆ ಬೇಕಾಗಿದ್ದದ್ದು ಒಣನೆಲ, ಹದವಾದ ಕಾವು, ಮತ್ತು ಹೊತ್ತುಹೊತ್ತಿಗೆ ತಪ್ಪದೆ ಬರುವ ಎರಡು ಕೈಗಳು. ತಾಯಿಯವರು ಊರಿಗೆ ಮರಳಿದ ಮೇಲೆ ಸುಬ್ರಹ್ಮಣ್ಯಕ್ಕೆ ಹೋಗಿ ಬಂದರಂತೆ. ಹರಕೆ ಯಾರ ಹೆಸರಿನಲ್ಲೆಂದು ನಾವು ಕೇಳಲಿಲ್ಲ. ಆದರೆ ಅವರ ಪ್ರತಿಯೊಂದು ಫೋನಿನ ಮಾತೂ, "ಕಾಗದ ಬದಲಾಯಿಸಿದೆಯಾ ಮಗಳೇ?" ಎಂದೇ ಮೊದಲಾಗುತ್ತದೆ.