ಮೂವತ್ತೊಂದು ಪೊಳ್ಳು ಲಾದಿಗಳು

ಮುಂಬಯಿಯಲ್ಲಿ ನೆಲಕ್ಕೆ ಹಾಸುವ ಟೈಲ್ಸಿಗೆ ‘ಲಾದಿ’ ಎನ್ನುತ್ತಾರೆ. ಅದನ್ನು ಕೂರಿಸುವವನು ‘ಕಡಿಯಾ’. ನೆಲ ಕೆಟ್ಟರೆ ಮನೆಯವರು ಕಂಟ್ರಾಕ್ಟರನನ್ನು ಬೈಯುತ್ತಾರೆ, ಕಂಟ್ರಾಕ್ಟರ್ ಕಡಿಯಾನನ್ನು ಬೈಯುತ್ತಾನೆ, ಕಡಿಯಾನಿಗೆ ಬೈಯಲು ಯಾರೂ ಉಳಿದಿರುವುದಿಲ್ಲ. ದೂರು ಕೂಡ ನೀರಿನ ಹಾಗೆ. ಅಳತೆ ನೋಡಿ ದಾರಿ ಮಾಡಿಕೊಡದಿದ್ದರೆ ತಗ್ಗಿದ್ದಲ್ಲಿಗೆ ಹೋಗಿ ನಿಲ್ಲುತ್ತದೆ. ಕಳೆದ ವರ್ಷ ಮಲಾಡಿನ ನಮ್ಮ ಮನೆಯ ನೆಲ ಹೊಸದಾದಾಗ ಇದನ್ನು ಹತ್ತಿರದಿಂದ ನೋಡಿದೆ.

ಮಲಾಡ್ ಪಶ್ಚಿಮದಲ್ಲಿ, ಮಾರ್ವೆ ರಸ್ತೆಯಿಂದ ಒಳಗೆ ಹೋದರೆ ಸಿಗುವ ಮೂರು ಮಾಳಿಗೆಯ ಹಳೆಯ ಸೊಸೈಟಿ ನಮ್ಮದು. ಹಾಲು, ಕೋಣೆಗಳಿಗೆ ಮೊಸಾಯಿಕ್ ಇತ್ತು. ಬಚ್ಚಲಿಗೆ ಶಹಾಬಾದ್ ಕಲ್ಲು. ನಮ್ಮ ಕಲಬುರಗಿ ಜಿಲ್ಲೆಯ ಈ ಕಲ್ಲು ಮುಂಬಯಿಯ ಹಳೆಯ ಚಾಳುಗಳ ಓಣಿ, ಮೋರಿಗಳಲ್ಲಿ ಇಂದಿಗೂ ಕಾಣುತ್ತದೆ. ಮೊಸಾಯಿಕ್ ಅಲ್ಲಲ್ಲಿ ಬಿರಿದು, ಎಪ್ಪತ್ತೆಂಟರ ಅಮ್ಮನ ಊರುಗೋಲಿನ ತುದಿ ಅದರಲ್ಲಿ ಸಿಕ್ಕಿಕೊಳ್ಳತೊಡಗಿದ ಮೇಲೆ ನೆಲ ಬದಲಿಸಲೇಬೇಕಾಯಿತು. ಗುಜರಾತಿನ ಮೊರ್ಬಿಯಿಂದ ಬರುವ ಎರಡಡಿ ಚೌಕದ ವಿಟ್ರಿಫೈಡ್ ಟೈಲ್ಸ್ ಆರಿಸಿದೆವು. ಹಾಲು ಮತ್ತು ಎರಡು ಕೋಣೆಗೆ 96 ಲಾದಿ ಬೇಕಾದವು.

ಕೆಲಸ ಮುಗಿದಾಗ ನೆಲ ಕನ್ನಡಿಯಂತಿತ್ತು. ಎರಡನೆಯ ವಾರ ಅಮ್ಮ ಕಿಟಕಿಯ ಬಳಿ ನಿಂತು ಕೋಲನ್ನು ಎರಡು ಸಲ ಕುಟ್ಟಿದರು. ಒಂದು ಹೆಜ್ಜೆ ಸರಿದು ಮತ್ತೆ ಕುಟ್ಟಿದರು. “ಇಲ್ಲಿ ಪೊಳ್ಳು ಉಂಟು, ನೋಡು” ಎಂದರು. ಕಾರ್ಕಳದ ಕಡೆ ಹುಟ್ಟಿ ಬೆಳೆದವರು, ಹಲಸಿನಕಾಯಿಯನ್ನು ಬಡಿದು ಸದ್ದಿನಲ್ಲೇ ಬಲಿತಿದೆಯೋ ಇಲ್ಲವೋ ಹೇಳುವವರು. ಅವರ ಕಿವಿಯನ್ನು ಅನುಮಾನಿಸುವಂತಿರಲಿಲ್ಲ.

ಫೋನಿನಲ್ಲಿ ಕಂಟ್ರಾಕ್ಟರ್ ಹೇಳಿದ್ದು ಈ ಊರಿನಲ್ಲಿ ಎಲ್ಲರೂ ಕೇಳಿರುವ ಮಾತೇ: “ಸೆಟ್ ಹೋ ಜಾಯೇಗಾ.” ಮೂರನೆಯ ಸಲ ಕರೆದಾಗ ಬಂದ. ತಾನೂ ಬಡಿದು ನೋಡಿ, ಸಂದಿಯಲ್ಲಿ ಸಿಮೆಂಟ್ ಹಾಲು ಬಿಟ್ಟರೆ ಸರಿಹೋಗುತ್ತದೆ ಎಂದ. ಒಪ್ಪದಿದ್ದಾಗ ಧ್ವನಿ ಬದಲಾಯಿತು. ಕಡಿಯಾನನ್ನು ನಮ್ಮೆದುರಿಗೇ ಕರೆದು, “ಇವನ ಕೈ ಸರಿಯಿಲ್ಲ. ಹದಿನೈದು ದಿನದ ಪಗಾರ ಕತ್ತರಿಸುತ್ತೇನೆ, ಆಗ ಬುದ್ಧಿ ಬರುತ್ತದೆ” ಎಂದ. ಆ ಹುಡುಗ ರಾಜಸ್ಥಾನದವನು. ಕೆಲಸ ನಡೆದಷ್ಟು ದಿನವೂ ಅಮ್ಮನನ್ನು ‘ಮಾಜಿ’ ಎಂದು ಕರೆದು, ಅವರು ಕೊಟ್ಟ ಚಹಾ ಕುಡಿದು, ಲೋಟ ತೊಳೆದಿಟ್ಟು ಹೋಗುತ್ತಿದ್ದ. ಈಗ ನೆಲ ನೋಡುತ್ತ ನಿಂತ. ನಮ್ಮ ಸಿಟ್ಟಿಗೆ ಒಂದು ತಲೆ ಸಿಕ್ಕಿತ್ತು. ಅದನ್ನು ಒಪ್ಪಿಸಿ ಪಾರಾಗುವುದು ಕಂಟ್ರಾಕ್ಟರನ ಲೆಕ್ಕವಾಗಿತ್ತು.

ಕಿಟಕಿಯ ಬಳಿಯ ಲಾದಿಯೊಂದನ್ನು ಎತ್ತಿಸಿದೆವು. ಅದು ಬಾಳೆಲೆ ಎತ್ತಿದಷ್ಟು ಸಲೀಸಾಗಿ ಬಂತು. ಹಿಂಬದಿ ಕಾರ್ಖಾನೆಯಿಂದ ಬಂದಾಗ ಇದ್ದಷ್ಟೇ ಚೊಕ್ಕಟ, ಸಿಮೆಂಟೆಲ್ಲ ಕೆಳಗೇ ಉಳಿದಿತ್ತು. ಕಾರಣ ಸರಳವಾದದ್ದು. ಶಹಾಬಾದ್ ಕಲ್ಲು, ಮೊಸಾಯಿಕ್ ಇವು ನೀರು ಹೀರುತ್ತವೆ. ಆ ನೀರಿನ ಜೊತೆ ಸಿಮೆಂಟ್ ಅವುಗಳ ಮೈಯೊಳಗೆ ಇಳಿದು ಬೇರು ಬಿಡುತ್ತದೆ. ಹಳೆಯ ಮೇಸ್ತ್ರಿಗಳು ಬರೀ ಸಿಮೆಂಟಿನಲ್ಲಿ ಹಾಸಿದ ನೆಲ ನಲವತ್ತು ವರ್ಷ ನಿಂತದ್ದು ಹೀಗೆ. ವಿಟ್ರಿಫೈಡ್ ಟೈಲ್ಸ್ ಹಾಗಲ್ಲ. ಭಾರತೀಯ ಮಾನಕ ಐಎಸ್ 15622ರ ಪ್ರಕಾರ ಅದು ನೀರು ಹೀರುವುದು ತೀರಾ ಕಡಿಮೆ ಇರಬೇಕು. ಕಲೆ ಅಂಟದಿರುವುದು ಈ ಗುಣದಿಂದಲೇ, ಸಿಮೆಂಟ್ ಹಿಡಿಯದಿರುವುದೂ ಇದರಿಂದಲೇ. ಹಾಗಾಗಿ ಅದಕ್ಕೆ ಬೇರೆಯೇ ಅಂಟು ಬೇಕು. ಪೇಟೆಯಲ್ಲಿ ಟೈಲ್ ಅಡೆಸಿವ್ ಎಂದು ಸಿಗುತ್ತದೆ, ಅದಕ್ಕೂ ಐಎಸ್ 15477 ಎಂಬ ಮಾನಕವಿದೆ.

ನಮ್ಮ ಕೊಟೇಶನ್ನಿನಲ್ಲಿ ನೆಲಕ್ಕೆಂದೇ 20 ಕಿಲೋದ ಹತ್ತು ಚೀಲ ಅಡೆಸಿವ್ ಬರೆದಿತ್ತು. ಸೊಸೈಟಿಯ ಗೇಟಿನಲ್ಲಿ ಒಳಬರುವ ಪ್ರತಿ ಸಾಮಾನನ್ನೂ ವಾಚ್‌ಮನ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಅದರಲ್ಲಿದ್ದದ್ದು ಮೂರು ಚೀಲ. ಆ ಮೂರೂ ಬಚ್ಚಲಿನ ಗೋಡೆಗೆ ಮುಗಿದಿದ್ದವು. ತಪ್ಪು ಹುಡುಗನ ಕೈಯಲ್ಲಿರಲಿಲ್ಲ, ಬಾರದೇ ಉಳಿದ ಏಳು ಚೀಲಗಳಲ್ಲಿತ್ತು.

ಅಷ್ಟರಲ್ಲಿ ಕೆಳಗಿನ ಮನೆಯ ಮರಾಠಿ ಕಾಕು ಮೇಲೆ ಬಂದು, ತಮ್ಮ ಬಚ್ಚಲಿನ ಚಾವಣಿ ತೇವವಾಗಿದೆ ಎಂದರು. ನಹಾನಿ ಟ್ರ್ಯಾಪ್, ಅಂದರೆ ಬಚ್ಚಲಿನ ನೀರು ಹೋಗುವ ಜಾಲರಿ ಮೂಲೆಯಲ್ಲಿದ್ದರೆ ನಮ್ಮಲ್ಲಿ ನೀರು ನಿಲ್ಲುತ್ತಿದ್ದದ್ದು ಬಾಗಿಲ ಬುಡದಲ್ಲಿ. ಅಡಿಗೆ ಕಾಲು ಇಂಚಿನ ಇಳಿಜಾರು ರೂಢಿಯ ಲೆಕ್ಕ. ನಮ್ಮದು ಹಿಮ್ಮುಖವಾಗಿತ್ತು. ಜಾಲರಿ ಮುಚ್ಚಿ, ಇಂಚೆರಡರಷ್ಟು ನೀರು ನಿಲ್ಲಿಸಿ ಒಂದು ದಿನ ಬಿಟ್ಟೆವು. ಮರುದಿನ ಕಾಕುವಿನ ಚಾವಣಿಯ ಕಲೆ ಒಂದು ಗೇಣು ಹಿಗ್ಗಿತ್ತು. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳಲ್ಲಿ ಬಚ್ಚಲು, ಶೌಚಾಲಯದ ಒಳಸೋರಿಕೆಯ ರಿಪೇರಿ ಆ ಮನೆಯವರದೇ ಖರ್ಚು. ಇನ್ನು ಕಾಯುವಂತಿರಲಿಲ್ಲ.

ಒಂದು ಭಾನುವಾರ ಅಮ್ಮ ಕೋಲಿನಿಂದ ಕುಟ್ಟುತ್ತ ನಡೆದರು, ನಾನು ಹಿಂದೆ ಸೀಮೆಸುಣ್ಣ ಹಿಡಿದು ಗುರುತು ಹಾಕಿದೆ. ಪೊಳ್ಳು ಇದ್ದದ್ದು 31. ಪ್ರತಿಯೊಂದಕ್ಕೂ ನಂಬರು ಕೊಟ್ಟು ಫೋಟೊ ತೆಗೆದು, ಹಿಂದಿಯಲ್ಲಿ ಒಂದೂವರೆ ಪುಟದ ಪತ್ರ ಬರೆದೆ. ಮೋಸ, ವಂಚನೆ ಎಂಬ ಪದ ಎಲ್ಲೂ ಇರಲಿಲ್ಲ. ಲಾದಿಗಳ ನಂಬರು, ಬಚ್ಚಲಿನ ಇಳಿಜಾರಿನ ಅಳತೆ, ಕೊಟೇಶನ್ನಿನ ಸಾಲು, ಗೇಟ್ ಪುಸ್ತಕದ ಪುಟದ ಚಿತ್ರ ಇದ್ದವು. ಬೇಡಿಕೆ ಮೂರು: 31 ಲಾದಿ ಎತ್ತಿ ಅಡೆಸಿವ್‌ನಲ್ಲಿ ಕೂರಿಸಬೇಕು. ಬಚ್ಚಲು ಒಡೆದು ವಾಟರ್‌ಪ್ರೂಫಿಂಗ್ ಮತ್ತೆ ಮಾಡಿ ನೀರು ನಿಲ್ಲಿಸಿ ತೋರಿಸಬೇಕು. ಉಳಿದ 65ಕ್ಕೆ ಒಂದು ವರ್ಷದ ಹೊಣೆ ಬರೆದುಕೊಡಬೇಕು. ಹದಿನೈದು ದಿನದ ಗಡುವು. ನಮ್ಮ ಕೈಯಲ್ಲಿ ಉಳಿದಿದ್ದ ಕೊನೆಯ ಕಂತು 28,000 ರೂಪಾಯಿ ಅದಾದ ಮೇಲೆ. ಸ್ಪೀಡ್ ಪೋಸ್ಟಿನಲ್ಲೂ ವಾಟ್ಸಾಪಿನಲ್ಲೂ ಕಳಿಸಿದೆ.

ಗಡುವು ಮೀರಿದರೆ ಎಲ್ಲಿಗೆ ಹೋಗುತ್ತೇವೆ ಎಂದೂ ಬರೆದಿದ್ದೆ. ಮನೆ ಕಟ್ಟಿಕೊಡುವುದೂ ಸೇವೆಯೇ, ಅದರ ಕೊರತೆಗೆ ಗ್ರಾಹಕ ದೂರು ಕೊಡಬಹುದು ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾವಿರುವ ಜಿಲ್ಲೆಯ ಆಯೋಗದಲ್ಲೇ ದೂರು ದಾಖಲಿಸಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬೇಕು. ಅದಕ್ಕೂ ಮುಂಚೆ 1915 ಎಂಬ ಸಹಾಯವಾಣಿ ಇದೆ. ನಮಗೆ ಅಷ್ಟು ದೂರ ಹೋಗುವ ಪ್ರಮೇಯ ಬರಲಿಲ್ಲ. ಆದರೆ ಆ ನಾಲ್ಕು ಸಾಲು ಇಲ್ಲದಿದ್ದರೆ ಕಂಟ್ರಾಕ್ಟರ್ ಹನ್ನೊಂದನೆಯ ದಿನ ಬರುತ್ತಿದ್ದನೆಂದು ನನಗೆ ಅನ್ನಿಸುವುದಿಲ್ಲ.

ಪತ್ರದ ಕೊನೆಗೆ, ಯಾವ ಕಾನೂನಿನ ಬಲವೂ ಇಲ್ಲದ ಇನ್ನೊಂದು ಸಾಲಿತ್ತು: ‘ದೋಷ ಸಾಮಾನಿನದು, ಕಡಿಯಾನ ಕೈಯದಲ್ಲ. ಮತ್ತೆ ಮಾಡುವ ಕೆಲಸದ ದಿನಗಳಿಗೂ ಅವನಿಗೆ ಕೂಲಿ ಸಿಗಬೇಕು.’ ಕಂಟ್ರಾಕ್ಟರ್ ಅದನ್ನು ಓದಿ ನಕ್ಕ. “ಇದು ನಮ್ಮೊಳಗಿನ ವ್ಯವಹಾರ, ನಿಮಗೇಕೆ?” ಎಂದ. ಬರೀ ‘ಕೆಲಸ ಕೆಟ್ಟಿದೆ’ ಎಂದು ಬರೆದಿದ್ದರೆ ಆ ಕೂಲಿ ಕತ್ತರಿಸಲು ನಾವೇ ಚೀಟಿ ಬರೆದುಕೊಟ್ಟ ಹಾಗಾಗುತ್ತಿತ್ತು, ಅದಕ್ಕೆ.

ಅದೇ ಹುಡುಗ ಬಂದು ಒಂಬತ್ತು ದಿನ ಕೆಲಸ ಮಾಡಿದ. ಈ ಸಲ ಅಡೆಸಿವ್ ಚೀಲಗಳನ್ನು ಬಾಗಿಲಲ್ಲೇ ಎಣಿಸಿಕೊಂಡೆವು. ಬಚ್ಚಲಲ್ಲಿ ಎರಡು ದಿನ ನೀರು ನಿಂತರೂ ಕಾಕುವಿನ ಚಾವಣಿ ಒಣಗಿಯೇ ಇತ್ತು. ಸುಣ್ಣ ಬಳಿಸಿದ ಖರ್ಚನ್ನು ಅವರು ನಮ್ಮಿಂದ ತೆಗೆದುಕೊಳ್ಳಲಿಲ್ಲ. ಕೊನೆಯ ಕಂತು ಕೊಡುವ ದಿನ ಹುಡುಗನೂ ಅಲ್ಲೇ ಸಾಮಾನು ಕಟ್ಟುತ್ತಿದ್ದ. ಕಂಟ್ರಾಕ್ಟರ್ ಮೆಟ್ಟಿಲಿಳಿದ ಮೇಲೆ, ಕೂಲಿ ಬಂತೇ ಎಂದು ಕೇಳಿದೆ.

“ಅರ್ಧ ಬಂದಿದೆ. ಉಳಿದದ್ದು ಮುಂದಿನ ಸೈಟಿನಲ್ಲಂತೆ” ಎಂದ. ಕರಣೆ, ರಬ್ಬರ್ ಸುತ್ತಿಗೆ, ನೀರಿನ ಲೆವೆಲ್ ಪೈಪು ಚೀಲಕ್ಕೆ ತುಂಬಿ, “ಪಗಾರ ಮಾತ್ರ ಕತ್ತರಿಸಲಿಲ್ಲ, ಮಾಜಿಗೆ ಹೇಳಿ” ಎಂದು ಹೊರಟ.